ನಾಲ್ಕುನೂರ ಎಪ್ಪತ್ತೊಂದನೇ ಹೆಸರಿನ ಬೆನ್ನು ಹತ್ತಿದ ಜವಾನ

ಬೆಳಗಿನ ಐದಕ್ಕೆ ಕರೆಂಟ್ ಬರುತ್ತದೆ, ಎಂಟಕ್ಕೆ ಹೋಗುತ್ತದೆ. ನಡುವಿನ ಮೂರು ಗಂಟೆ ರೇವಣಸಿದ್ದ ಅವರದು. ಗುಲಬರ್ಗಾ ಜಿಲ್ಲೆಯ ಕೊಡ್ಲಿ ಎಂಬ ಊರು ದಾಟಿ ಒಂದಿಷ್ಟು ಮುಂದೆ ಹೋದರೆ ಸಿಗುವ ಸರ್ಕಾರಿ ಶಾಲೆಯ ಮೂಲೆ ಕೋಣೆಯಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಒಂದು ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಕೂತಿದ್ದಾರೆ. ಬಲಗಡೆ ಸೈಕಲ್ ಪಂಪು, ಎಡಗಡೆ ಬಣ್ಣ ಹಚ್ಚುವ ಸಣ್ಣ ಬ್ರಶ್ಶು, ಜೇಬಿನಲ್ಲಿ ಹುಡುಗರು ಬಿಟ್ಟುಹೋದ ಅರ್ಧ ರಬ್ಬರು. ಅವರ ವರ್ಕ್‌ಶಾಪ್ ಅಂದರೆ ಇಷ್ಟೇ.

ಯಂತ್ರ ಚಿಂಚೋಳಿ ಕಡೆಯ ಇನ್ನೊಂದು ಶಾಲೆಯದು. ಅಲ್ಲಿನ ಮಾಸ್ತರು ನಿನ್ನೆ ಸಂಜೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದು ಇಲ್ಲೇ ಉಳಿದಿದ್ದಾರೆ. ಆ ಮಾಸ್ತರನ್ನು ಎದುರಿಗೆ ಕೂರಿಸಿಕೊಂಡು ರೇವಣಸಿದ್ದ ಕೇಳುತ್ತಾರೆ: "ಸರ, ಮೊದಲ ಹೇಳ್ರಿ. ಇದರೊಳಗ ಯಾರ್ಯಾರ ಅದಾರ?"

"ಯಾರ ಇರ್ತಾರಪ್ಪ? ಬರೀ ಫೈಲ್ ಅವ" ಎಂದು ಮಾಸ್ತರು ನಗುತ್ತಾರೆ. ರೇವಣಸಿದ್ದ ನಗುವುದಿಲ್ಲ. ಒಂದೊಂದೇ ಫೈಲು ಹೆಸರಿಟ್ಟು ಹೇಳಿಸಿ, ಎಲ್ಲವನ್ನೂ ಎರಡೆರಡು ಸಿ.ಡಿ.ಗೆ ಇಳಿಸಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕುತ್ತಾರೆ. ಈ ಹಟ ಎಲ್ಲಿಂದ ಬಂತು ಎಂದು ತಿಳಿಯಲು ನಾನು ಇಲ್ಲಿಗೆ ಬಂದಿದ್ದೇನೆ.

ರೇವಣಸಿದ್ದ ಅವರಿಗೆ ನಲವತ್ತನಾಲ್ಕು. ಹುದ್ದೆ ಜವಾನ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ನೀರು ತುಂಬುವುದು, ಹೆಡ್‌ಮಾಸ್ತರ ಟಪಾಲು ಒಯ್ಯುವುದು. ಇಂಗ್ಲಿಷಿನಲ್ಲಿ ಮೂರು ಸಲ ಡುಮ್ಕಿ ಹೊಡೆದು ಎಸ್ಸೆಸ್ಸೆಲ್ಸಿಗೆ ಕೈಮುಗಿದವರು. ಕಂಪ್ಯೂಟರ್ ರಿಪೇರಿ ಮಾಡಬೇಕೆಂದು ಅವರಿಗೆ ಯಾರೂ ಹೇಳಿಲ್ಲ, ಮಾಡಿದ್ದಕ್ಕೆ ಯಾರೂ ಒಂದು ಶಾಲು ಹೊದಿಸಿಲ್ಲ. ಊರಿನ ಹೆಸರು ಮಾತ್ರ ಬರೆಯಬೇಡಿ ಎಂದು ಹೆಡ್‌ಮಾಸ್ತರ್ ಧೀರೇಂದ್ರ ಆಚಾರ್ ಮೊದಲೇ ಮಾತು ತೆಗೆದುಕೊಂಡಿದ್ದಾರೆ. ಕಾರಣ ಮುಂದೆ ಗೊತ್ತಾಗುತ್ತದೆ.

ಯಾವುದೋ ಯೋಜನೆಯಲ್ಲಿ 2002ರಲ್ಲಿ ಈ ಶಾಲೆಗೆ ನಾಲ್ಕು ಕಂಪ್ಯೂಟರ್ ಬಂದವು. ಶಾಲೆಯ ಮುಂದಿನ ರಸ್ತೆಯಲ್ಲಿ ಹಗಲಿಡೀ ಕಲ್ಲಿನ ಲಾರಿ. ಹಿಟ್ಟಿನಂಥ ಬಿಳಿ ಧೂಳು ಕಿಟಕಿ ಹಾಕಿದರೂ ಒಳಗೆ ಬರುತ್ತದೆ. ಇಷ್ಟು ಬೆಲೆಬಾಳುವ ಸಾಮಾನು ಕೆಟ್ಟೀತೆಂದು ಊರ ಹೆಣ್ಣುಮಕ್ಕಳು ಹಳೇ ಸೀರೆ ಕೂಡಿಸಿ ನಾಲ್ಕು ಕೌದಿ ಹೊಲಿದುಕೊಟ್ಟರು. ಪ್ರೀತಿ ಎಷ್ಟಿತ್ತೆಂದರೆ, ಯಂತ್ರ ನಡೆಯುತ್ತಿರುವಾಗಲೂ ಕೌದಿ ತೆಗೆಯುತ್ತಿರಲಿಲ್ಲ. ಪರದೆಯೊಂದನ್ನು ಬಿಟ್ಟು ಮೈತುಂಬ ಹೊದಿಸಿಯೇ ಪಾಠ ನಡೆಯುತ್ತಿತ್ತು. ಎರಡು ವರ್ಷದಲ್ಲಿ ನಾಲ್ಕೂ ಕುಂಟತೊಡಗಿದವು. ಗುಂಡಿ ಒತ್ತಿ ಪ್ರಾರ್ಥನೆಗೆ ಹೋಗಿ, ನಾಡಗೀತೆ, ರಾಷ್ಟ್ರಗೀತೆ ಎರಡೂ ಮುಗಿಸಿ ಬಂದರೂ ಪರದೆ ಎದ್ದಿರುತ್ತಿರಲಿಲ್ಲ. ಗುಲಬರ್ಗಾದಿಂದ ಬಂದ ಮೆಕ್ಯಾನಿಕ್ ನೋಡಿ, ಇವು ಗುಜರಿಗೆ ಲಾಯಕ್ಕು ಎಂದು ಚಹಾ ಕುಡಿದು ಹೋದ.

"ಒಂದಿನ ಕಸಾ ಹೊಡಿಲಿಕ್ಕ ಹೋದಾಗ ಕೌದಿ ಒಳಗ ಕೈ ಹಾಕಿದ್ನಿ. ಕೈ ಸುಡ್ತು. ನಮ್ಮ ಕೂಸಿಗಿ ಜ್ವರ ಬಂದ್ರ ಅಂಗಿ ಬಿಚ್ಚಿ ಗಾಳಿ ಹಾಕ್ತೀವಿ. ಇದಕ್ಕ ಕೌದಿ ಹೊಚ್ಚಿ ಕುಂತೀವಿ! ಅವತ್ತೇ ತಗಡು ಬಿಚ್ಚಿದ್ನಿ. ಒಳಗ ಗಾಳಿ ಹಾಕೋ ಫ್ಯಾನಿಗಿ ಧೂಳು ಮೆತ್ತಿ ರೊಟ್ಟಿ ಆಗಿತ್ರಿ" ಎನ್ನುತ್ತಾರೆ.

ಕೌದಿ ಹೋಯಿತು, ಪಂಪು ಬಂತು. ಫ್ಯಾನು ಬಿಡಿಸಿ ಬ್ರಶ್ಶು ಆಡಿಸಿದರು, ಮೆಮೊರಿ ಪಟ್ಟಿಯ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿದರು. ಕಲಿಸಿದ್ದು ಯಾರು ಎಂದರೆ, ಹಾಗೆ ಹೋದ ಆ ಮೆಕ್ಯಾನಿಕ್ಕೇ. ಅವನು ಚಹಾ ಕುಡಿಯುತ್ತ ಒಂದು ಯಂತ್ರ ಬಿಚ್ಚಿ ಮೆಮೊರಿ ಪಟ್ಟಿ ತಿಕ್ಕಿ ನೋಡಿದ್ದನ್ನು ಇವರು ಕಪ್ಪು ಹಿಡಿದು ನಿಂತು ನೋಡಿದ್ದರಂತೆ. ಹೆಂಡತಿ ಭುವನೇಶ್ವರಿ ಅವರಿಗೆ ಮಾತ್ರ ಬೇರೆಯದೇ ಸಂತೋಷ: "ನಾ ಹೊಲಿದ ಕೌದಿ ಡಬ್ಬಿ ಮ್ಯಾಲ ಹೋಗಿತ್ತು. ತಿರುಗಿ ಮನಿಗಿ ಬಂತು ನೋಡ್ರಿ, ಈಗ ಛಲೋ ನಿದ್ದಿ ಬರ್ತದ."

ಆದರೂ ಯಂತ್ರಗಳು ಪೂರ್ತಿ ಚುರುಕಾಗಲಿಲ್ಲ. ಒಳಗೆ ವೈರಸ್ಸು ತುಂಬಿತ್ತು. ಫ್ಯಾನು ಕೊಳ್ಳಲು ಗುಲಬರ್ಗಾಕ್ಕೆ ಹೋದಾಗ, ಕಾಲೇಜು ಹುಡುಗರ ಗುಂಪೊಂದು ಇವರ ಕೈಗೆ ಒಂದು ಸಿ.ಡಿ. ಇಟ್ಟಿತು. ಲಿನಕ್ಸ್ ಅಂತೆ. ಕಂಪ್ಯೂಟರ್ ನಡೆಸಲು ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶದ ಬದಲು ಇದನ್ನು ಹಾಕಿದರೆ ಹಳೇ ಕಂಪ್ಯೂಟರೂ ಓಡುತ್ತದಂತೆ, ಯಾರು ಯಾರಿಗೆ ಬೇಕಾದರೂ ಹಂಚಬಹುದಂತೆ. "ಪುಕ್ಕಟ ಅಂದ್ರಲ್ಲ, ಏನರ ಐಬು ಇರ್ತದ ಅಂತ ಮೂರು ದಿನ ಟ್ರಂಕಿನಾಗ ಇಟ್ಟಿದ್ನಿ" ಎಂದು ರೇವಣಸಿದ್ದ ನಗುತ್ತಾರೆ. ನಾಲ್ಕನೇ ದಿನ ಸಿ.ಡಿ. ಒಳಗೆ ತಳ್ಳಿದರು. ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ಪರದೆ ಎದ್ದಿತು. ಮೂರು ಯಂತ್ರಗಳಿಗೆ ಹಾಕಿದರು. ಪ್ರತಿ ಸಲವೂ ಅದು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು, ಇವರು 'ಎಸ್' ಒತ್ತುತ್ತಿದ್ದರು. ಆ ಮೂರರಲ್ಲೂ ಏನೂ ಇರಲಿಲ್ಲ, ಹಾಗಾಗಿ ಏನೂ ಆಗಲಿಲ್ಲ.

ನಾಲ್ಕನೆಯದರಲ್ಲಿ ಶಾಲೆಯ ದಾಖಲಾತಿ ರಿಜಿಸ್ಟರ್ ಇತ್ತು. ಶಾಲೆ ಶುರುವಾದಾಗಿನಿಂದ ಸೇರಿದ ಪ್ರತಿ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ. ಪ್ರಮಿತಾ ಟೀಚರು ಎರಡು ವರ್ಷ ಕೂತು ಟೈಪ್ ಮಾಡಿದ್ದರು. ಡಿಸ್ಕನ್ನು ಪೂರ್ತಿ ಒರೆಸಲೇ ಎಂದು ಯಂತ್ರ ಕೇಳಿತು. ರೇವಣಸಿದ್ದ ಎಸ್ ಒತ್ತಿದರು.

"ಒರಸೂದು ಅಂದ್ರ ಏನಂತ ಗೊತ್ತಿದ್ದಿಲ್ಲ ಅಂತ ಅಲ್ರಿ. ಗೊತ್ತಿತ್ತು. ಆದ್ರ ಮನಿ ಸಾರಿಸಿದ್ರ ಮನ್ಯಾಗಿನ ಸಾಮಾನ ಹೋಗ್ತದೇನ್ರಿ? ನೆಲಾ ಅಷ್ಟ ಸ್ವಚ್ಛ ಆಗ್ತದ ಅಂತ ತಿಳದಿದ್ನಿ."

ಕಾಗದದ ರಿಜಿಸ್ಟರಿದೆಯಲ್ಲ, ಮತ್ತೆ ಟೈಪ್ ಮಾಡಿದರಾಯಿತು ಎನ್ನುತ್ತೀರಿ. ಉಳಿದ ಸಂಪುಟಗಳು ಇದ್ದವು. ಆದರೆ 1967ರಿಂದ 76ರವರೆಗಿನದು ಇರಲಿಲ್ಲ. ಗೆದ್ದಲು ತಿಂದು ಜಾಲರಿಯಾಗಿದ್ದ ಅದನ್ನು, ಹೇಗೂ ಕಂಪ್ಯೂಟರಿನಲ್ಲಿದೆಯಲ್ಲ ಎಂದು, ಹಿಂದಿನ ದಸರೆ ರಜೆಯಲ್ಲಿ ಸುಟ್ಟಿದ್ದರು. ಸುಟ್ಟ ಕೈಯೂ ರೇವಣಸಿದ್ದ ಅವರದೇ. ಟೀಚರು ಇಟ್ಟಿದ್ದ ಫ್ಲಾಪಿಗಳು ಧೂಳು ತಿಂದು ಬಾಯಿ ಬಿಡಲಿಲ್ಲ. ಮುಂದಿನ ಸಂಪುಟ ಆರುನೂರನೇ ನಂಬರಿನಿಂದ ಶುರು, ಹಿಂದಿನದು ಮುನ್ನೂರ ಎಂಬತ್ತೈದಕ್ಕೆ ಮುಗಿದಿತ್ತು. ನಡುವಿನ ಇನ್ನೂರ ಹದಿನಾಲ್ಕು ಜನ ಒಂದು ಬೆಳಿಗ್ಗೆ ಆರು ನಿಮಿಷದಲ್ಲಿ ಇಲ್ಲವಾಗಿದ್ದರು.

"ಸುಡು ಅಂದಾಂವ ನಾನಽರಿ. ಕಾಯ್ದೆ ಪ್ರಕಾರ ಸುಡೂ ಹಂಗಿಲ್ಲ" ಎಂದು ಧೀರೇಂದ್ರ ಆಚಾರ್ ತಲೆ ತಗ್ಗಿಸುತ್ತಾರೆ. ಒಳ್ಳೆಯ ಮನುಷ್ಯ, ಹೆದರಿದ ಮನುಷ್ಯ. ವೈರಸ್ ಬಂದು ಹೋಯಿತು ಎಂದು ಬರೆದುಬಿಡೋಣ ಎಂದರಂತೆ. ವೈರಸ್ಸಿನ ಮೇಲೆ ಯಾರೂ ಕೇಸು ಹಾಕುವುದಿಲ್ಲವಲ್ಲ. ಜವಾನ ಒಪ್ಪಲಿಲ್ಲ.

"ಬ್ಯಾಡ್ರಿ ಸರ, ಒರಸಿದಾಂವ ನಾನು. ಹಂಗ ಬರದ್ರ ಹುಡುಕೂ ಕೆಲಸಾ ಯಾರ ಮಾಡ್ತಾರ? ವೈರಸ್ ಮಾಡ್ತದೇನು?"

ಅಂದಿನಿಂದ ಇಂದಿಗೆ ಎರಡು ವರ್ಷ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ 386ರಿಂದ 599ರವರೆಗೆ ಬರೀ ನಂಬರು ಬರೆದುಕೊಂಡರು. ಮೊದಲು ಊರ ಮನೆಮನೆ. ಟ್ರಂಕಿನ ತಳದ ಹಳೇ ವರ್ಗಾವಣೆ ಪತ್ರ, ವಿಮೆ ಕಾಗದ, ನೌಕರಿ ಪುಸ್ತಕ, ಏನು ಸಿಕ್ಕರೂ ಸರಿ. ಅಣ್ಣನ ನಂಬರು ಸಿಕ್ಕರೆ ತಂಗಿಯದು ಅಂದಾಜಿಗೆ ಬರುತ್ತದೆ. ಹುಟ್ಟಿದ ದಿನದ ತೊಂದರೆ ಅಷ್ಟೊಂದು ಆಗಲಿಲ್ಲ. ಆ ಕಾಲದ ಮಾಸ್ತರು ತಂದೆ ತಾಯಿಗೆ ನೆನಪಿಲ್ಲದಿದ್ದರೆ ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ ಒಂದಕ್ಕೆ. ರೇವಣಸಿದ್ದರೂ ಅವತ್ತೇ ಹುಟ್ಟಿದವರು. ದಾಖಲೆ ಸಿಗದ ಕಡೆ 'ಬಾಯಿಮಾತು' ಎಂದು ಬೇರೆ ಬಣ್ಣದಲ್ಲಿ ಬರೆದು, ಹಿರಿಯರ ಸಹಿ ಹಾಕಿಸಿದರು.

ಊರು ಮುಗಿದ ಮೇಲೆ ಭಾನುವಾರದ ತಿರುಗಾಟ. ಸೇಡಂನ ಸಿಮೆಂಟ್ ಕೆಲಸದಲ್ಲಿ ಹನ್ನೊಂದು ಜನ ಸಿಕ್ಕರು, ಚಿತ್ತಾಪುರದಲ್ಲಿ ಆರು, ದಂಡೋತಿಗೆ ಮದುವೆಯಾಗಿ ಹೋದವರು ಇಬ್ಬರು, ನಾಲವಾರದಲ್ಲಿ ಒಬ್ಬ ಚಹಾದಂಗಡಿಯವ. ಹೋದ ಊರಲ್ಲೆಲ್ಲ ಶಾಲೆಯ ಬಾಗಿಲು ತಟ್ಟಿ, ತಮ್ಮ ಶಾಲೆ ಬಿಟ್ಟು ಅಲ್ಲಿ ಸೇರಿದವರಿದ್ದಾರೆಯೇ ಎಂದು ಹಳೇ ರಿಜಿಸ್ಟರ್ ನೋಡಲು ಕೇಳುತ್ತಿದ್ದರು. ಅಲ್ಲಿ ಒಂದು ನಿಧಾನದ ಕಂಪ್ಯೂಟರ್ ಇದ್ದೇ ಇರುತ್ತಿತ್ತು. ಹಾಗೆ ಇಪ್ಪತ್ತಾರು ಶಾಲೆಗಳ ತೊಂಬತ್ತನಾಲ್ಕು ಯಂತ್ರಗಳು ಎದ್ದು ಕೂತಿವೆ. ಕೊಟ್ಟರೆ ಬಸ್ಸಿನ ಚಾರ್ಜು ತೆಗೆದುಕೊಳ್ಳುತ್ತಾರೆ, ಕೊಡದಿದ್ದರೆ ಕೇಳುವುದಿಲ್ಲ. ಬೆಳಗಿನ ಹೊತ್ತು ಎರಡೇ ಬೆರಳಿನಲ್ಲಿ, ತಾವೇ ಹಾಕಿದ ಲಿನಕ್ಸಿನಲ್ಲಿ, ಸಿಕ್ಕ ಹೆಸರನ್ನು ಟೈಪ್ ಮಾಡುತ್ತಾರೆ. ಅದರಲ್ಲಿ ಕನ್ನಡ ಅಕ್ಷರ ಮೂಡಿಸಲು ಹದಿನೈದು ದಿನ ಒದ್ದಾಡಿದರಂತೆ. "ಈಗ ನನಗಿಂತ ಅವರದೇ ತಪ್ಪು ಕಡಿಮಿ" ಎನ್ನುತ್ತಾರೆ ಪ್ರಮಿತಾ ಟೀಚರು. ಮೊದಲ ತಿಂಗಳು ಇವರ ಮುಖ ನೋಡದವರು ಈಗ ಬಸ್ಸಿಗೆ ಬುತ್ತಿ ಕಟ್ಟಿಕೊಡುತ್ತಾರೆ.

ಇನ್ನೂರ ಹದಿಮೂರು ಜನ ಸಿಕ್ಕಿದ್ದಾರೆ. ಖಾಲಿ ಉಳಿದದ್ದು ಒಂದೇ ಸಾಲು, 471. ಅದರ ಕೆಳಗಿನ 472 ಯಾರು ಗೊತ್ತೇ? ರೇವಣಸಿದ್ದರೇ. "ಸಾಲಿಗಿ ಹೆಸರು ಹಚ್ಚೋ ದಿನ ಲೈನಿನಾಗ ನನ್ನ ಮುಂದ ನಿಂತಾಕಿ. ಹುಡುಗಿ ಅಂಬೂದು ನೆನಪದ, ಜಡಿ ನೆನಪದ. ಹೆಸರು ನೆನಪಿಲ್ಲ. ಉಳದವರೆಲ್ಲ ಸಿಕ್ಕರು, ನನ್ನ ಮುಂದ ನಿಂತಾಕಿ ಸಿಗವಲ್ಲಳು. ನಿದ್ದಿ ಬರಂಗಿಲ್ರಿ ನನಗ" ಎನ್ನುತ್ತಾರೆ. ಬೇರೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ನಮ್ಮ ಪತ್ರಿಕೆಯವರು ಕೇಳಲೇಬೇಕಾದ ಪ್ರಶ್ನೆ. ಅವರು ನನ್ನನ್ನು ನೋಡುವ ರೀತಿಗೆ ಪ್ರಶ್ನೆ ಜೇಬಿಗೆ ಹಾಕಿಕೊಳ್ಳುತ್ತೇನೆ.

ಕಳೆದ ವಾರ ವಾಡಿಯಿಂದ ಫೋನು ಬಂದಿದೆ. ಮಾಡಿದವರು 489ನೇ ನಂಬರಿನ ಖಾಜಾಮಿಯಾ, ರೈಲ್ವೆ ಹಳಿ ನೋಡಿಕೊಳ್ಳುವವರು. ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಕಡೆ ಒಬ್ಬ ಹೆಂಗಸಿದ್ದಾಳೆ, ಚಿಕ್ಕಂದಿನಲ್ಲಿ ಅಪ್ಪನ ಜೊತೆ ರಸ್ತೆ ಕೆಲಸಕ್ಕೆ ಬಂದು ಕೊಡ್ಲಿ ಕಡೆಯ ಶಾಲೆಗೆ ಹೋಗಿದ್ದೆ ಎನ್ನುತ್ತಾಳಂತೆ. ಭಾನುವಾರ ನಾನೂ ಹೊರಡುತ್ತೇನೆ. ಸೇಡಂವರೆಗೆ ಬಸ್ಸು, ವಾಡಿಗೆ ಪ್ಯಾಸೆಂಜರ್, ಅಲ್ಲಿ ಗಾಡಿ ಬದಲಿಸಿ ಶಹಾಬಾದ್. ರೇವಣಸಿದ್ದರ ಅಂಗಿ ಜೇಬಿನಲ್ಲಿ ಒಂದು ಮಡಿಚಿದ ಹಾಳೆ ಇದೆ, ದಾರಿಯುದ್ದಕ್ಕೂ ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಾರೆ.

ನೆಲಕ್ಕೆ ಹಾಸುವ ಫರಸಿ ಕಲ್ಲಿನ ರಾಶಿಯ ನಡುವೆ ಪಾಲಿಶ್ ಯಂತ್ರ ಗರಗರ ತಿರುಗುತ್ತಿದೆ. ಅದರ ಬಾಯಿಗೆ ನೀರು ಹನಿಸುತ್ತ ಕೂತವರು ಶಿವಕಾಂತಮ್ಮ. ನಲವತ್ತೈದರ ಆಜುಬಾಜು ಇದ್ದೀತು, ನೋಡಿದರೆ ಅರವತ್ತು. ಪಕ್ಕದಲ್ಲಿ ಸೊಸೆ. ರೇವಣಸಿದ್ದ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ.

"ಅಕ್ಕಾ, ಸಣ್ಣಾಕಿ ಇದ್ದಾಗ ಕೊಡ್ಲಿ ಕಡೆ ರಸ್ತಾ ಕೆಲಸಕ್ಕ ಬಂದಿದ್ರೇನ್ರಿ?"

"ಬಂದಿದ್ವಿ. ನಮ್ಮಪ್ಪ ಸಾಬಣ್ಣ ಕಲ್ಲು ಒಡೀತಿದ್ದ. ನಾ ಅಲ್ಲಿ ಸಾಲಿಗಿ ಹೋಗೀನಿ."

ಸೊಸೆ ಕಿಸಕ್ಕನೆ ನಗುತ್ತಾಳೆ. "ಶುರು ಆತು ನೋಡ್ರಿ. ನಮ್ಮತ್ತಿ ದಿನಾ ಇದನ್ನಽ ಹೇಳ್ತಾಳ. ಹೆಬ್ಬಟ್ಟು ಒತ್ತಾಕಿ, ಸಾಲಿಗಿ ಹೋಗೀನಿ ಅಂತಾಳ!" ಸುತ್ತಲಿನ ಹೆಂಗಸರೂ ನಗುತ್ತಾರೆ. ಎಷ್ಟು ವರ್ಷದ ನಗುವೋ, ಶಿವಕಾಂತಮ್ಮ ಬೇಸರಪಟ್ಟುಕೊಳ್ಳುವುದಿಲ್ಲ. "ಹತ್ತೊಂಬತ್ತು ದಿನ ಹೋಗೀನವ್ವ" ಎನ್ನುತ್ತಾರೆ, ಅಷ್ಟೆ. "ನನಗ ಬರಿಲಿಕ್ಕ ಪಾಟಿ ಇದ್ದಿಲ್ಲ. ಫರಸಿ ತುಂಡು ಒಯ್ತಿದ್ನಿ. ಹಿಂದ ಕುಂತಾಂವ ಒಬ್ಬ ಹುಡುಗ ಅದರ ಮ್ಯಾಲ ನೀರು ಹೊಡದು ಬರದಿದ್ದು ಅಳಸತಿದ್ದ."

ರೇವಣಸಿದ್ದ ಅಲ್ಲೇ ಕಲ್ಲಿನ ಮೇಲೆ ಕೂರುತ್ತಾರೆ. "ಅಂವ ನಾನಽರಿ ಅಕ್ಕಾ" ಎನ್ನುತ್ತಾರೆ. "ಎರಡು ಸಲ ಅಳಸೀನಿ ನಾ ನಿಮ್ಮದು."

ಹಾಳೆ ಬಿಚ್ಚುತ್ತಾರೆ. ಮೇಲೆ 470, ಕೆಳಗೆ 472, ನಡುವೆ ಖಾಲಿ. ಪೆನ್ನು ತೆಗೆದು, ಹಾಳೆ ಮೊಣಕಾಲಿಗೆ ಒತ್ತಿ ಹಿಡಿದು, ದುಂಡಗೆ ಬರೆಯುತ್ತಾರೆ: ಶಿವಕಾಂತಮ್ಮ, ತಂದೆ ಸಾಬಣ್ಣ, ಒಂದನೇ ತರಗತಿ. ಹಾಳೆಯನ್ನು ಎರಡೂ ಕೈಯಿಂದ ಆಕೆಗೆ ಕೊಡುತ್ತಾರೆ.

ಶಿವಕಾಂತಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಹಿಡಿಯುತ್ತಾರೆ, ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಎದ್ದು ಹೋಗಿ ಪಾಲಿಶ್ ಯಂತ್ರ ಬಂದ್ ಮಾಡುತ್ತಾರೆ. ಏಳನೇ ತರಗತಿಯವರೆಗೆ ಓದಿದ ಸೊಸೆಯ ಕೈಗೆ ಹಾಳೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಓದು ಎನ್ನುತ್ತಾರೆ.

ಸೊಸೆ ಓದುತ್ತಾಳೆ. ಈ ಸಲ ನಗುವುದಿಲ್ಲ. ಯಾರೂ ನಗುವುದಿಲ್ಲ.

"ಇನ್ನೊಮ್ಮಿ ಓದು" ಎನ್ನುತ್ತಾರೆ ಶಿವಕಾಂತಮ್ಮ.