ನನ್ನ ಚೀಲ ನನ್ನ ಬೆನ್ನಿಗೆ

ಚರ್ರ್!

ಅಂಗಡಿಯವರು ಹೊಸ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹರಿಯುವಾಗ ಬರುತ್ತದಲ್ಲ, ಥೇಟ್ ಅದೇ ಸದ್ದು. ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗದ ಸದ್ದಿಗೆ ಯಾರೂ ತಲೆಯೆತ್ತುವುದಿಲ್ಲ. ಬಟ್ಟೆ ಹರಿದ ಸದ್ದಿಗೆ ಮಾತ್ರ ಹೆಂಗಸರ ಕಿವಿ ನಿಮಿರುತ್ತದೆ. ಸೊಸೆ ಹಿಟ್ಟು ಮೆತ್ತಿದ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದಳು.

"ಅತ್ತೀ, ಯಾವ ಸೀರಿ ಹರೀತ್ರೀ?"

"ಸೀರಿ ಅಲ್ಲವಾ, ವೆಲ್ಕ್ರೋ."

ನನ್ನ ಮುಂದೆ ಜಮಖಾನೆಯ ಮೇಲೆ ಒಂದು ಟ್ರೆಕ್ಕಿಂಗ್ ಬ್ಯಾಗು ಅಂಗಾತ ಬಿದ್ದಿತ್ತು. ಬೂದು ಬಣ್ಣ, ಮೈತುಂಬ ಪಟ್ಟಿಗಳು. ಫೋನಿನಲ್ಲಿ ನಾನೇ ತರಿಸಿಕೊಂಡದ್ದು. ಅದರ ಬೆನ್ನು ನನ್ನಂಥ ಗಿಡ್ಡ ಹೆಂಗಸಿಗೆ ಉದ್ದವಾಗಿತ್ತು. ಹೆಗಲಪಟ್ಟಿಗಳನ್ನು ವೆಲ್ಕ್ರೋದಿಂದ ಕಿತ್ತು ಕೆಳಗಿಳಿಸಿ ಅಂಟಿಸಿಕೊಳ್ಳಬೇಕೆಂದು ವಿಡಿಯೋದಲ್ಲಿ ಯಾವನೋ ಫಾರಿನರ್ ಗಡಗಡ ಇಂಗ್ಲಿಷಿನಲ್ಲಿ ಹೇಳಿದ್ದ. ಕಾನ್ವೆಂಟಿನ ಸಿಸ್ಟರುಗಳು ಅಷ್ಟು ವರ್ಷ ತಿದ್ದಿ ತೀಡಿ ಕಲಿಸಿದ ಇಂಗ್ಲಿಷು ಕೊನೆಗೂ ನನ್ನ ಸ್ವಂತದ ಒಂದು ಕೆಲಸಕ್ಕೆ ಬಂತು.

"ಇದನ್ನ ಯಾರು ಹೊರಾವ್ರು?"

"ನಾನು."

ಸೊಸೆ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಕಪ್ಪತಗುಡ್ಡ ಹತ್ತಬೇಕೆಂದು ಚಿಕ್ಕಂದಿನಿಂದಲೂ ಇತ್ತು. ಕೊರ್ಲಹಳ್ಳಿ ನನ್ನ ತವರು. ಹೊಳೆಯಲ್ಲಿ ಕೊಡ ತುಂಬಿ ಏರಿ ಬರುವಾಗ ದೂರದಲ್ಲಿ ಗುಡ್ಡ ನೀಲಿ ಗೆರೆಯ ಹಾಗೆ ಕಾಣುತ್ತಿತ್ತು. ಅಣ್ಣಂದಿರು ಬುತ್ತಿ ಕಟ್ಟಿಕೊಂಡು ಹತ್ತಿ ಬಂದರು. ಅವರ ಬುತ್ತಿಗೆ ರೊಟ್ಟಿ ಬಡಿದುಕೊಟ್ಟವಳು ನಾನು. ಆಮೇಲೆ ಕಾನ್ವೆಂಟು, ಮದುವೆ, ಮಕ್ಕಳು, ದಿಸ್ ಅಂಡ್ ದ್ಯಾಟ್.

ಹತ್ತುವುದಕ್ಕೆ ಯಾರೂ ಬೇಡ ಅನ್ನಲಿಲ್ಲ. ಜಗಳವಾದದ್ದು ಚೀಲಕ್ಕೆ. ತಲೆ ನೆರೆತಾಗಿನಿಂದ ನನ್ನ ಕೈಯಲ್ಲಿ ಯಾವ ಚೀಲವೂ ನಿಂತಿಲ್ಲ. ಬಸ್ಸಿನಲ್ಲಿ ಕಂಡಕ್ಟರ್, ಸಂತೆಯಲ್ಲಿ ಪಕ್ಕದ ಮನೆಯವರು, ಮನೆಯ ಬಾಗಿಲಲ್ಲಿ ಮಗ, ಎಲ್ಲರೂ "ಕೊಡ್ರಿ ಇಲ್ಲೆ" ಎಂದು ಕಸಿದುಕೊಳ್ಳುವವರೇ. ಪ್ರೀತಿಯಿಂದಲೇ, ಐ ನೋ. ಆದರೆ ಚೀಲ ಹಿಡಿದವರು ನಡೆದ ಕಡೆಗೇ ನಾವು ನಡೆಯಬೇಕಾಗುತ್ತದೆ. ಅವರು ನಿಂತರೆ ನಿಲ್ಲಬೇಕು, ಸಾಕೆಂದರೆ ತಿರುಗಬೇಕು. ಒಮ್ಮೆಯಾದರೂ ನನ್ನ ನೀರು, ನನ್ನ ರೊಟ್ಟಿ, ನನ್ನ ಶಾಲು ನನ್ನ ಬೆನ್ನಿಗಿರಲಿ. ಎಲ್ಲಿ ನಿಲ್ಲಬೇಕೋ ನಾನು ಹೇಳುತ್ತೇನೆ. ಇಷ್ಟೇ ನನ್ನ ಹಟ.

ಮಗನದು ಗದಗಿನಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ಸು. ಊರ ಮಂದಿಯೆಲ್ಲ ಗೊತ್ತು.

"ಅವ್ವಾ, ಜೀಪ್ ಮ್ಯಾಲಿನ ತನಕಾ ಹೋಗತೈತಿ. ಇಲ್ಲಾಂದ್ರ ಚೀಲ ನಾ ಹೊರತೀನಿ. ಮಗಾ ಇದ್ದೂ ತಾಯಿ ಮ್ಯಾಲ ಹೇರ್ಯಾನ ಅಂತಾರ ಮಂದಿ. ನಾ ಹೆಂಗ ಮುಖಾ ತೋರಿಸ್ಲಿ?"

"ಮುಖಾ ತೋರಸಬ್ಯಾಡ. ನನ್ನ ಹಿಂದ ಬಾ, ಯಾರಿಗೂ ಕಾಣೂದಿಲ್ಲ."

ನನ್ನ ಪಕ್ಷದಲ್ಲಿದ್ದವಳು ಒಬ್ಬಳೇ, ಕಾನ್ವೆಂಟಿನಲ್ಲಿ ಒಂದೇ ಬೆಂಚಿನ ಮೇಲೆ ಕೂತ ಗೆಳತಿ. ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿ ಮುಸ್ಲಿಮರ ಮನೆಯ ಮಗಳು, ಅದೇ ಊರಿಗೆ ಸೊಸೆ. ನಾಲಿಗೆಯೆಂದರೆ ಕತ್ತರಿ. ಖಬರು ಮುಟ್ಟಿದ ಮರುದಿನವೇ ಬಸ್ಸು ಹತ್ತಿ ಬಂದಳು.

ಇಬ್ಬರೂ ಸೇರಿ ಬ್ಯಾಗಿಗೆ ಜೋಳ ತುಂಬಿ ರಿಹರ್ಸಲ್ಲಿಗೆಂದು ಲಕ್ಕುಂಡಿಗೆ ಹೋದೆವು. ಅಲ್ಲಿನ ಮೆಟ್ಟಿಲ ಬಾವಿ ಇಳಿದು ಹತ್ತಿದರೆ ಗುಡ್ಡದ ಅಂದಾಜು ಸಿಗುತ್ತದೆಂದು. ವಿಡಿಯೋದವನು ಹೇಳಿದಂತೆ ಮೊದಲು ಕೆಳಗಿನ ಅಗಲ ಬೆಲ್ಟನ್ನು ಕಟ್ಟಿದೆ. ಎಲ್ಲಿ? ನಮ್ಮ ಕಡೆ ಹೆಂಗಸರು ಏನೇ ಕಟ್ಟಲಿ, ಸೀರೆಯ ನಿರಿಗೆ ಸಿಕ್ಕಿಸುವ ನಡಕ್ಕೇ ಕೈ ಹೋಗುತ್ತದೆ. ನಾನೂ ಅಲ್ಲೇ ಬಿಗಿದೆ, ನಿರಿಗೆಯ ಮೇಲೆ.

ಬಾವಿಕಟ್ಟೆಯ ಹತ್ತಿರ ಆಡು ಕಾಯುತ್ತಿದ್ದ ಹೆಂಗಸು ಕೂಗಿ ಕೇಳಿದಳು: "ಆಯೀ, ಬೆನ್ನಿಗೆ ಕೂಸು ಕಟ್ಟೀರೇನ್ರಿ?"

"ಕೂಸಲ್ಲ ಬೇ, ಅದು ಇಕೀ ಹಟ," ಎಂದಳು ಗೆಳತಿ. "ಈ ವಯಸ್ಸಿನ್ಯಾಗ ಹಡದಾಳ."

ನಗುತ್ತ ಇಳಿದೆ. ಹತ್ತುವಾಗ ಬೆಲ್ಟು ಮೆಲ್ಲಗೆ ಜಾರತೊಡಗಿತು. ಜಾರುತ್ತ ನಿರಿಗೆಗಳನ್ನೂ ಜೊತೆಗೆ ಎಳೆದುಕೊಂಡಿತು. ಭಾರವೆಲ್ಲ ಹೆಗಲಿಗೆ ಬಂದು ಕತ್ತು ಹಿಡಿಯಿತು. ಮೇಲಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ನಾನು ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಸೀರೆ ಹಿಡಿದು ನಿಂತಿದ್ದೆ. ಆಡಿನ ಹೆಂಗಸು ಪಾಪ, ಅತ್ತ ಮುಖ ತಿರುಗಿಸಿದಳು. ಗೆಳತಿ ಮಾತ್ರ ಬಿದ್ದು ಬಿದ್ದು ನಕ್ಕಳು.

ಮನೆಯಲ್ಲಿ ಮಗನಿಗೆ ಗೆದ್ದ ಹುರುಪು. "ನಾ ಹೇಳಿದ್ನೋ ಇಲ್ಲೋ?" ಸೊಸೆ ತನ್ನ ಚೂಡಿದಾರ ತೋರಿಸಿದಳು.

"ಸೀರೀನೂ ಬಿಡಂಗಿಲ್ಲ, ಚೀಲಾನೂ ಬಿಡಂಗಿಲ್ಲ," ಎಂದೆ. "ಪೀರಿಯಡ್."

ಕೋಪದಲ್ಲೇ ಹಿತ್ತಿಲಿಗೆ ಹೋದೆ. ನಲ್ಲಿಯ ಕೆಳಗೆ ತುಂಬಿದ್ದ ಕೊಡವನ್ನು ಯಾರೂ ಕಸಿಯುವ ಮೊದಲೇ ಎತ್ತಿ ಟೊಂಕಕ್ಕಿಟ್ಟೆ. ಕೊಡ ತಾನಾಗಿ ತನ್ನ ಜಾಗದಲ್ಲಿ ಕೂತಿತು. ನಡದ ಮೇಲಲ್ಲ, ಅದಕ್ಕಿಂತ ಕೆಳಗೆ, ಎಲುಬು ಹೊರಚಾಚಿದ ಕಡೆ. ಹೊಳೆಯಿಂದ ಏರಿ ಬರುತ್ತಿದ್ದ ಹುಡುಗಿಗೆ ಇದು ಗೊತ್ತಿತ್ತು. ಆ ಎಲುಬು ಇನ್ನೂ ಅಲ್ಲೇ ಇದೆ, ಯಾರೂ ಕಸಿದಿಲ್ಲ! ಹಿತ್ತಿಲಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕೆ.

ಮರುದಿನ, ನನ್ನವ್ವ ಹೊಲಕ್ಕೆ ಹೋಗುವಾಗ ಉಡುತ್ತಿದ್ದ ಹಾಗೆ ಕಚ್ಚೆ ಹಾಕಿ ಸೀರೆ ಉಟ್ಟೆ. ಬೆಲ್ಟು ಆ ಎಲುಬಿನ ಮೇಲೆ ಸರಿಯಾಗಿ ಕೂತಿತು. ಆದರೆ ಹಿಂದೆ ಸಿಕ್ಕಿಸಿದ ಕಚ್ಚೆಯ ಗಂಟು ಬ್ಯಾಗಿನ ದಿಂಬಿಗೂ ನನ್ನ ಬೆನ್ನಿಗೂ ನಡುವೆ ಕಲ್ಲಿನಂತೆ ಒತ್ತಿತು. ಗೆಳತಿ ಅದನ್ನು ಬಿಚ್ಚಿ, ಮಡಿಕೆಗಳನ್ನು ಚಪ್ಪಟೆಯಾಗಿ ಅಗಲಕ್ಕೆ ಹರಡಿ ಮತ್ತೆ ಸಿಕ್ಕಿಸಿದಳು. ಭಾರದ ನೀರಿನ ಬಾಟಲಿಯನ್ನು ಶಾಲಿನಲ್ಲಿ ಸುತ್ತಿ ಬೆನ್ನಿಗೆ ಹತ್ತುವಂತೆ ಇಟ್ಟೆವು. ಹೆಗಲಪಟ್ಟಿ ಹೆಗಲನ್ನು ಮುಟ್ಟುವಷ್ಟೇ ಎಳೆದೆವು. ಹೆಗಲಪಟ್ಟಿಯಿಂದ ಬ್ಯಾಗಿನ ಮೇಲ್ತುದಿಗೆ ಹೋಗುವ, ಕಿವಿಯ ಹಿಂದಿನ ಸಣ್ಣ ಪಟ್ಟಿಯನ್ನು ಅವಳು ಎಳೆದಾಗ, ಹಿಂದಕ್ಕೆ ವಾಲಿದ್ದ ಬ್ಯಾಗು ಬೆನ್ನಿಗೆ ಬಂದು ಅಪ್ಪಿಕೊಂಡಿತು. ಕೊನೆಗೆ ಎದೆಯ ಪಟ್ಟಿ.

"ಉಸರ ಆಡತೈತೇನ?"

"ಆಡತೈತಿ."

"ಶೋಲ್ಡರ್ಸ್ ಬ್ಯಾಕ್, ಗರ್ಲ್ಸ್!" ಎಂದಳು, ನಮ್ಮ ಹಳೆಯ ಸಿಸ್ಟರ್ ದನಿಯಲ್ಲಿ. ಇಬ್ಬರೂ ಒಟ್ಟಿಗೇ ನೆಟ್ಟಗಾದೆವು. ಅಭ್ಯಾಸ!

ಚಳಿಗಾಲದ ಒಂದು ಬೆಳಗ್ಗೆ ಡೋಣಿ ಕಡೆಯಿಂದ ಹತ್ತಲು ನಾನು, ಮಗ, ಗೆಳತಿ ಹೊರಟೆವು. ಗೆಳತಿಯ ಮೊಣಕಾಲು ಕೇಳುವಂತಿರಲಿಲ್ಲ, ಬುಡದಲ್ಲೇ ಕುಳಿತಿರುತ್ತೇನೆಂದಳು. ನನ್ನ ಬೆಲ್ಟಿನ ಎರಡೂ ಬದಿಗೆ ಜಿಪ್ ಇದ್ದ ಪುಟ್ಟ ಜೇಬುಗಳಿದ್ದವು. ಅವಳು ತನ್ನ ಚೀಲದಿಂದ ಉತ್ತತ್ತಿ, ಕೊಬ್ಬರಿ ಚೂರು, ಬೆಲ್ಲ ತೆಗೆದು ಅವುಗಳಲ್ಲಿ ತುಂಬತೊಡಗಿದಳು.

"ಇದೇನ್ ಲೇ?"

"ಉಡಿ."

ಹುಡುಗಿಯರಿದ್ದಾಗ ರಜೆಗೆ ಅವಳು ಕೊರ್ಲಹಳ್ಳಿಗೆ ಬರುತ್ತಿದ್ದಳು. ಹೊರಡುವಾಗ ನನ್ನವ್ವ ಇಬ್ಬರ ಸೆರಗಿಗೂ ಇವನ್ನೇ ಹಾಕಿ ಉಡಿ ತುಂಬುತ್ತಿದ್ದಳು, ಹೆಣ್ಣುಮಕ್ಕಳು ಬರಿ ಸೆರಗಿನಲ್ಲಿ ಹೋಗಬಾರದೆಂದು. ಗಂಡ ತೀರಿಕೊಂಡ ಮೇಲೆ ನನ್ನ ಉಡಿ ಯಾರೂ ತುಂಬಿಲ್ಲ. ತುಂಬುವ ಪದ್ಧತಿಯಿಲ್ಲ.

"ನಿಮ್ಮ ಮಂದಿ ತುಂಬೂದಿಲ್ಲ, ನಾ ತುಂಬತೀನಿ. ಏನ್ ಮಾಡ್ತಾರ ನನಗ?" ಎಂದು ಜಿಪ್ ಎಳೆದಳು. "ನಡೀ ಜಲ್ದಿ, ಬಿಸಿಲೇರತೈತಿ."

ಮಗ ಬೇರೆ ಕಡೆ ನೋಡುತ್ತ ನಿಂತಿದ್ದ.

ಕೆಂಪು ಕಲ್ಲು, ಮೊಣಕಾಲೆತ್ತರದ ಹುಲ್ಲು, ಮೇಲೆ ಗಾಳಿಯಂತ್ರಗಳ ಗುಂಯ್ ಸದ್ದು. ಅರ್ಧ ದಾರಿಯಲ್ಲಿ ಚೀಲ ಇದ್ದಕ್ಕಿದ್ದಂತೆ ಹಗುರಾಯಿತು. ಹೆಗಲಪಟ್ಟಿ ಮೇಲೆದ್ದಿತು. ನಿಂತೆ.

"ಕೈ ತಗಿ."

"ನಾ ಏನೂ ಮಾಡಿಲ್ಲಬೇ."

"ಬ್ಯಾಗ್ ಹೇಳತೈತಿ. ಕೈ ತಗಿ."

"ಮಂದಿ ನೋಡಿದ್ರ..."

"ಆ ಫ್ಯಾನ್ ಬಿಟ್ರ ಇಲ್ಲೆ ಯಾವ ಮಂದಿ ಅದಾರ?"

ಕೈ ತೆಗೆದ. ಭಾರ ಮತ್ತೆ ಟೊಂಕಕ್ಕೆ ಇಳಿಯಿತು, ಬಂದ ನೆಂಟರು ಮಣೆಯ ಮೇಲೆ ಕೂತಂತೆ. ಎಲ್ಲಿ ನಿಲ್ಲಬೇಕೆನಿಸಿತೋ ಅಲ್ಲೆಲ್ಲ ನಿಂತೆ. ಮಗನೂ ನಿಂತ. ಮೇಲೆ ಹೋಗಿ ಕೂತು ಉತ್ತತ್ತಿ ತೆಗೆದು ಅವನಿಗೂ ಕೊಟ್ಟೆ. ಹೊಳೆ ಕಾಣಲಿಲ್ಲ, ಮಬ್ಬಿತ್ತು. ಇರಲಿ. ಇಳಿದು ಬಂದಾಗ ಗೆಳತಿ ಕೇಳಿದ್ದು ಒಂದೇ ಮಾತು: "ಯಾರರ ಕೈ ಹಚ್ಚಿದ್ರೇನ?" ಮಗ ನಕ್ಕುಬಿಟ್ಟ.

ಮುಂದಿನ ಬೇಸಿಗೆಗೆ ಅವಳು ಹಾಸಿಗೆ ಹಿಡಿದಳು. ಬರುವಾಗ ಬ್ಯಾಗು ತರಬೇಕೆಂದು ಫೋನಿನಲ್ಲಿ ಆರ್ಡರ್ ಮಾಡಿದ್ದಳು. ಬೆನ್ನಿಗೆ ಹಾಕಿಕೊಂಡೇ ಲಕ್ಷ್ಮೇಶ್ವರದ ಬಸ್ಸಿಳಿದೆ. ನೋಡಿದವಳೇ ಮಂಚದಿಂದ ಕಾಲು ಇಳಿಬಿಟ್ಟಳು. "ನನಗ ಕಟ್ಟು."

"ಅಮ್ಮೀ, ಬಿದ್ದಗಿದ್ದೀರಿ," ಎಂದು ಅವಳ ಸೊಸೆಯಂದಿರು ಓಡಿಬಂದರು.

"ಬಿದ್ರ ಎಬ್ಬಸ್ರಿ. ಈಗ ಸುಮ್ನಿರ್ರಿ."

ಬ್ಯಾಗಿನಿಂದ ಎಲ್ಲ ತೆಗೆದೆ. ಅವಳು ಒಪ್ಪಲಿಲ್ಲ, ನೀರಿನ ಬಾಟಲಿಯಾದರೂ ಇರಲಿ ಎಂದಳು. ಖಾಲಿ ಚೀಲ ಹೊರುವುದು ನಾಟಕವಂತೆ. ಬೆಲ್ಟನ್ನು ಕೊನೆಯವರೆಗೆ ಎಳೆದರೂ ಸಡಿಲವೇ ಉಳಿಯಿತು, ಅಷ್ಟು ಬಡವಾಗಿದ್ದಳು. ಮಂಚದ ಮೇಲಿನ ಕೌದಿಯನ್ನು ಮಡಚಿ ಟೊಂಕಕ್ಕೂ ಬೆಲ್ಟಿಗೂ ನಡುವೆ ಇಟ್ಟು ಬಿಗಿದೆ. ಹೆಗಲಪಟ್ಟಿ, ಕಿವಿಯ ಹಿಂದಿನ ಪಟ್ಟಿ, ಎದೆಯ ಪಟ್ಟಿ. ಉಸಿರಾಡುತ್ತದೆಯೇ ಎಂದು ಕೇಳಿದೆ. "ನನ್ನ ಉಡಿ ಎಲ್ಲೈತಿ?" ಎಂದಳು. ತಂದಿದ್ದೆ, ತುಂಬಿದೆ.

ಒಬ್ಬಳೇ ಅಂಗಳ ದಾಟಿ ತಲಬಾಗಿಲಿಗೆ ನಡೆದಳು. ಸೊಸೆಯೊಬ್ಬಳು ಬ್ಯಾಗಿಗೆ ಕೈ ಚಾಚಿದಾಗ ನಾನು ಆ ಕೈ ಹಿಡಿದೆ. ಬಸ್ಸಿನ ಹೊತ್ತಾಗಿತ್ತು. ಅವಳು ಬ್ಯಾಗು ಬಿಚ್ಚಲಿಲ್ಲ, ನಾನೂ ಕೇಳಲಿಲ್ಲ. ಅದು ಇವತ್ತಿಗೂ ಆ ಮನೆಯಲ್ಲೇ ಇದೆ. ತರಲೇ ಎಂದು ಮಗ ಕೇಳಿದಾಗ ಬೇಡವೆಂದೆ.

ಆ ದಿನ ಬಸ್ಸಿಗೆ ಹೊರಟವಳು ಓಣಿಯ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದೆ. ಅವಳು ಹೊಸ್ತಿಲ ಮೇಲೆ ನಿಂತಿದ್ದಳು, ಚೌಕಟ್ಟಿಗೆ ಆತುಕೊಳ್ಳದೆ, ಎರಡೂ ಕೈ ಪಟ್ಟಿಗಳ ಮೇಲೆ. ಬಿಗಿದು ಉಳಿದ ಬೆಲ್ಟಿನ ತುದಿ ಮೊಣಕಾಲ ತನಕ ಜೋತಾಡುತ್ತಿತ್ತು. "ನೋಡ್ತಾ ನಿಂತೀಯಲ್ಲ, ಬಸ್ ಹೋಗತೈತಿ ಲೇ!" ಎಂದು ಅಲ್ಲಿಂದಲೇ ಬೈದಳು.