ಗೌರಮ್ಮನವರ ಬೋರು, ನಮ್ಮ ಹೊಲ

ಗೆಳೆಯರೇ, ಇವತ್ತು ಕುರುಗೋಡಿನ ನಮ್ಮ ಹೊಲಕ್ಕೆ ಬೋರ್‌ವೆಲ್ ಲಾರಿ ಬಂದು, ಕೊರೆಯದೆಯೇ ವಾಪಸ್ ಹೋಯಿತು.

ಮಳೆ ನೆಚ್ಚಿಕೊಂಡು ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಈ ಸಲ ಮೆಣಸಿನಕಾಯಿ ಹಾಕುವ ಆಸೆ ನನ್ನದು. ನೀರು ನೋಡುವವರ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತದ್ದು ಬದುವಿನ ಪಕ್ಕದಲ್ಲೇ. ಬದುವಿನಾಚೆ ಪಕ್ಕದ ಹೊಲದ ಗೌರಮ್ಮನವರ ಬೋರು. ಅವರು ಓಡಿ ಬಂದವರೇ ಲಾರಿಯ ಮುಂದೆ ಕುಳಿತುಬಿಟ್ಟರು.

"ನಿಮ್ಮ ಕಾಯಿ ನಿಂತಿದ್ದು ನನ್ನ ಬೋರಿನ ನೀರಿಗ್ರೀ ಮೇಡಮ್ಮಾರ! ಇಲ್ಲಿ ಕೊರದ್ರ ಅದು ಬತ್ತತೈತಿ. ನಿಂತ ಬೆಳಿ ಒಣಗಿ ಹೋಗ್ತೈತಿ."

"ನಮ್ಮ ಹೊಲಕ್ಕೂ ನೀರು ಬೇಕಲ್ರೀ ಗೌರಮ್ಮಾರ?"

"ಬೇಕಂದ್ರ ಕೇಳ್ರಿ! ಪೈಪ್ ಎಳಕೊಳ್ರಿ, ದಿನ ಬಿಟ್ಟು ದಿನ ಬಿಡ್ತೀನಿ. ಒಂದ ಬೋರಿನಾಗ ಇಬ್ರೂ ಬದುಕೋಣು. ಆದ್ರ ಮೆಣಸಿನಕಾಯಿ ಬ್ಯಾಡ, ಭಾಳ ನೀರು ಕುಡಿತೈತಿ. ಕಡ್ಲಿ ಹಾಕ್ರಿ."

ಕೊರೆಸುವುದಕ್ಕೆ ಮೊದಲು ಒಂದು ಮಾತು ಕೇಳಬಹುದೆಂದು ನನಗೇಕೆ ಹೊಳೆಯಲಿಲ್ಲವೋ ಗೊತ್ತಿಲ್ಲ. ಲಾರಿಯವರಿಗೆ ಹೋಗಿಬನ್ನಿ ಎಂದೆ. ಜಗಳಕ್ಕೆ ಬಂದಿದ್ದ ಗೌರಮ್ಮನವರೇ ಆಮೇಲೆ ಮಜ್ಜಿಗೆ ತರಿಸಿ ಕುಡಿಸಿದರು.

ನೀರು ಸಿಕ್ಕಿತು. ನನ್ನ ಹೊಲದಲ್ಲಿ ನಾನು ಏನು ಬೆಳೆಯಬೇಕೆಂದು ತೀರ್ಮಾನಿಸುವವರೂ ಸಿಕ್ಕಿದರು. ನಿಜ ಹೇಳುತ್ತೇನೆ, ಎರಡಕ್ಕೂ ನಾನು ಋಣಿ.