ಸೀಮೆಸುಣ್ಣ ಮುಟ್ಟದ ಮೇಷ್ಟ್ರು

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳ ಉಗುರು ಯಾವಾಗಲೂ ಕಪ್ಪಗಿರುತ್ತಿತ್ತು. ಶಾಸನದ ಕಲ್ಲಿಗೆ ಒದ್ದೆ ಕಾಗದ ಬಡಿದು, ಮಸಿ ಒತ್ತಿ, ಅಚ್ಚು ತೆಗೆದು ತೆಗೆದು ಹತ್ತಿದ ಬಣ್ಣ ಅದು; ಭಾನುವಾರ ಚರ್ಚಿಗೆ ಹೋಗುವಾಗಲೂ ಬಿಡುತ್ತಿರಲಿಲ್ಲ. ಕೋಲಾರದ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು. ಅನುಮಾನ ಅವರ ಹುಟ್ಟುಗುಣ. ಎರಡು ಕಿಲೋ ಟೊಮೆಟೊ ಬೇಕಿದ್ದರೂ ಬಾಕ್ಸಿನ ತಳಕ್ಕೆ ಕೈ ಹಾಕಿ ನೋಡಿಯೇ ತೆಗೆದುಕೊಳ್ಳುವರು.

ಒಮ್ಮೆ ಅವರ ಜೊತೆ ಹೋಗಿದ್ದಾಗ ಮುಳಬಾಗಿಲಿನ ಹತ್ತಿರ ವೀರಗಲ್ಲೊಂದರ ಸವೆದ ಸಾಲು ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ನಾನು ಸೀಮೆಸುಣ್ಣದಿಂದ ತಿದ್ದಿದೆ. ಕಲ್ಲು ಓದುವವರಲ್ಲಿ ಬಹಳ ಜನ ಮಾಡುವ ತಪ್ಪೇ.

"ಏನ್ಲಾ ಇದು, ಕಲ್ಲಿಗೆ ಪೌಡರ್ ಹಾಕಿ ಮದುವೆಗೆ ಕರ್ಕೊಂಡು ಹೋಗ್ತೀಯಾ?" ಎಂದು ತಾವೇ ಒದ್ದೆ ಬಟ್ಟೆಯಿಂದ ಒರೆಸಿದರು. ನಾನು ಓದಿದ್ದ ಹೆಸರಿನ ಎರಡು ಅಕ್ಷರ ಕಲ್ಲಿನಲ್ಲಿ ಇರಲೇ ಇಲ್ಲ. "ಅಕ್ಷರ ಕಾಣದೇ ಇದ್ರೆ ನಕಲಿನಲ್ಲಿ ಆ ಜಾಗಕ್ಕೆ ಚುಕ್ಕಿ ಇಡು. ಚುಕ್ಕಿ ಇಟ್ಟವನನ್ನ ಯಾರೂ ಗಲ್ಲಿಗೆ ಹಾಕಲ್ಲ." ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

ನಿವೃತ್ತಿಯಾದ ಮೇಲೆ ಅವರಿಗೆ ಒಂದು ಹೀಬ್ರೂ ಕಲ್ಲಿನ ಹುಚ್ಚು ಹಿಡಿಯಿತು. ಮೃತ ಸಮುದ್ರದ ಕಡೆಯದೆಂದು ಹೇಳುವ, ಮಸಿಯಲ್ಲಿ ಬರೆದ ಚಪ್ಪಡಿ, ಯೇಸುವಿಗಿಂತ ಹಿಂದಿನದಂತೆ. ಅದರಲ್ಲಿ ಮಾಸಿಹೋದ ಒಂದು ಪದವನ್ನು 'ಬದುಕು' ಎಂದು ಓದಿದವರಿದ್ದರು: ಮೂರು ದಿನದಲ್ಲಿ ಬದುಕು ಎಂಬ ಅಪ್ಪಣೆ. ಹಾಗಾದರೆ ಸತ್ತು ಮೂರನೆಯ ದಿನ ಏಳುವ ಮೆಸ್ಸೀಯನ ಕಥೆ ಯೆಹೂದ್ಯರಲ್ಲಿ ಯೇಸುವಿಗೆ ಮೊದಲೇ ಇತ್ತೇ? ಇದ್ದ ಕಥೆಯನ್ನೇ ಶಿಷ್ಯರು ಯೇಸುವಿಗೆ ಹೊಂದಿಸಿದರೇ? ಮೇಷ್ಟ್ರಿಗೆ ಊಟ ರುಚಿಸದಾಯಿತು. ಹೀಬ್ರೂ ಕಲಿತರು, ಫೋಟೋ ದೊಡ್ಡದು ಮಾಡಿಸಿ ಭೂತಗನ್ನಡಿ ಹಿಡಿದು ಕೂತರು. ಚರ್ಚಿನವರು ಅವರನ್ನು, ಅವರು ಚರ್ಚಿನವರನ್ನು ಓರೆಗಣ್ಣಿನಿಂದ ನೋಡತೊಡಗಿದರು.

"ನಿಮಗೇನು ಕಾಣುತ್ತೆ ಸಾರ್?" ಎಂದು ಕೇಳಿದ್ದೆ.

"ಆ ಪದ ಅಲ್ಲಿ ಇರಬಾರದು ಅಂತ ನನಗಾಸೆ ಕಣೋ. ಅದಕ್ಕೇ ನನ್ನ ಕಣ್ಣಿನ ಮೇಲೇ ನನಗೆ ಅನುಮಾನ."

ಹೋದ ವರ್ಷ ತೀರಿಕೊಂಡರು. ಮಣ್ಣು ಮಾಡಿದ ಮೂರನೆಯ ದಿನ, ನಾನು ಅಮ್ಮ ಎಂದೇ ಕರೆಯುವ ಅವರ ಹೆಂಡತಿ ಅವರ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. "ಓದಪ್ಪ. ಯೇಸು ಎದ್ದು ಬಂದದ್ದನ್ನ ನಂಬ್ಕೊಂಡೇ ಹೋದ್ರಾ, ಇಲ್ವಾ? ಅಷ್ಟು ಹೇಳ್ಬಿಡು."

ಹೀಬ್ರೂ ಕಲ್ಲಿನ ಸಾಲುಗಳನ್ನು ನಕಲು ಮಾಡಿದ್ದ ಪುಟದಲ್ಲಿ, ಆ ಪದದ ಜಾಗದಲ್ಲಿ ಪೆನ್ಸಿಲಿನಿಂದ ಏನೋ ಬರೆದು ಉಜ್ಜಿ ಅಳಿಸಿದ್ದರು. ಅದರ ಮೇಲೆ ಮೂರು ಚುಕ್ಕಿ. 'ನಂಬಿದ್ದರು' ಎಂದುಬಿಡುವುದು ಎಷ್ಟು ಸುಲಭವಿತ್ತು! ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಗೊತ್ತಾಗಲ್ಲಮ್ಮ, ಚುಕ್ಕಿ ಇಟ್ಟಿದ್ದಾರೆ," ಎಂದೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. "ನೀನೂ ಅವರಂಗೇ ಆಗ್ಬಿಟ್ಯಲ್ಲೋ."

ಬೈದರೋ, ಹರಸಿದರೋ, ನನಗೆ ಇಂದಿಗೂ ಅನುಮಾನ.